ಮಳೆಯ ತಲೆಗೆ ಕಟ್ಟಿದ ತಪ್ಪು

ಶಿರ್ವ, ಬಂಟಕಲ್ಲು, ಮೂಡುಬೆಳ್ಳೆ, ಬೆಳ್ಮಣ್ ಸುತ್ತಮುತ್ತ ಇಂಟರ್‌ನೆಟ್ ಕೈಕೊಟ್ಟಾಗ ಸಿಗುವ ವಿವರಣೆ ಬಹುಮಟ್ಟಿಗೆ ಒಂದೇ: ಮಳೆಗಾಲ ಅಲ್ವಾ, ಹಾಗೇ ಆಗ್ತದೆ. ಕೇಬಲಿನವರು ಅದನ್ನೇ ಹೇಳುತ್ತಾರೆ, ಸಹಾಯವಾಣಿಯವರು ಅದನ್ನೇ ಹೇಳುತ್ತಾರೆ, ದೂರು ಕೊಡಬೇಕಾದ ಗ್ರಾಹಕರೂ ಅದನ್ನೇ ಹೇಳಿಕೊಂಡು ರೂಟರಿನ ಸ್ವಿಚ್ಚು ಆರಿಸಿ ಹಾಕಿ ಸುಮ್ಮನಾಗುತ್ತಾರೆ. ಲೈನು ಪೂರ್ತಿ ಸತ್ತರೆ ಯಾರಾದರೂ ಏಣಿ ಹಿಡಿದು ಬಂದಾರು. ಲೈನು ಜೀವಂತವಾಗಿದ್ದು, ಕಳಿಸಿದ ಮಾಹಿತಿಯಲ್ಲಿ ನೂರಕ್ಕೆ ಎರಡೋ ಮೂರೋ ಪಾಲು ಮಾತ್ರ ದಾರಿಯಲ್ಲಿ ಕಾಣೆಯಾಗುತ್ತಿದ್ದರೆ, ಅಂದರೆ ಪ್ಯಾಕೆಟ್ ನಷ್ಟವಾಗುತ್ತಿದ್ದರೆ, ಯಾರೂ ಬರುವುದಿಲ್ಲ. ದೀಪ ಹಸಿರು ಇದೆ, ಯೂಟ್ಯೂಬ್ ಓಡುತ್ತದೆ, ಸ್ಪೀಡ್ ಟೆಸ್ಟಿನಲ್ಲಿ ಹಣ ಕೊಟ್ಟಷ್ಟು ವೇಗ ಬರುತ್ತದೆ, ಮತ್ತೇನು ತೊಂದರೆ ಎಂಬ ಪ್ರಶ್ನೆ ಬರುತ್ತದೆ. ಹೀಗೆ ಕಾರಣವಿಲ್ಲದ ತೊಂದರೆ ಎಂದೋ ಆಕಾಶದ ತೊಂದರೆ ಎಂದೋ ಒಪ್ಪಿಕೊಂಡು ಬದುಕುವುದು ನಮ್ಮ ಜಿಲ್ಲೆಯಲ್ಲಿ ರೂಢಿಯಾಗಿಬಿಟ್ಟಿದೆ. ಈ ಒಪ್ಪಿಗೆ ತಪ್ಪು. ಕಳೆದುಹೋದ ಪ್ರತಿಯೊಂದು ಪ್ಯಾಕೆಟ್ಟೂ ಒಂದು ನಿರ್ದಿಷ್ಟ ಜಾಗದಲ್ಲೇ ಕಳೆದುಹೋಗಿರುತ್ತದೆ. ಆ ಜಾಗ ಒಂದು ಜಾಯಿಂಟು, ಒಂದು ಪೋರ್ಟು, ಒಂದು ಸರತಿ ಸಾಲು ಅಥವಾ ಒಂದು ತಪ್ಪು ಸೆಟ್ಟಿಂಗ್ ಆಗಿರುತ್ತದೆ. ಹುಡುಕಿದರೆ ಅದು ಸಿಗುತ್ತದೆ. ಸಿಗದೆ ಇರುವುದಕ್ಕೆ ಮುಖ್ಯ ಕಾರಣ, ಮಳೆ ಎಂಬ ಉತ್ತರ ಮೊದಲೇ ಕೈಯಲ್ಲಿರುವುದರಿಂದ ಹುಡುಕಾಟವೇ ಶುರುವಾಗದಿರುವುದು.

ಮೊದಲು ಈ ಮಳೆಯ ವಾದವನ್ನು ವಾದವಾಗಿಯೇ ನೋಡೋಣ. ಉಡುಪಿ ಜಿಲ್ಲೆಯಲ್ಲಿ ವರ್ಷದ ಮಳೆ 4,000 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಕಾರ್ತೆಲ್, ಆಟಿ ತಿಂಗಳುಗಳಲ್ಲಿ ಇಲ್ಲಿ ಯಾವ ಗಳಿಗೆಯಲ್ಲಿ ಏನು ಕೆಟ್ಟರೂ ಹೊರಗೆ ಮಳೆ ಬರುತ್ತಿರುವ ಸಂಭವವೇ ಹೆಚ್ಚು. ಹೀಗಿರುವಾಗ ಮಳೆ ಬರುವಾಗಲೇ ಕೆಟ್ಟಿತು ಎಂಬ ಮಾತಿಗೆ ಸಾಕ್ಷಿಯ ಬಲ ಇಲ್ಲ. ಸಾಕ್ಷಿಯಾಗಬೇಕಿದ್ದರೆ ಇನ್ನೆರಡು ಸಂಗತಿ ಗೊತ್ತಿರಬೇಕು: ಧಾರಾಕಾರ ಸುರಿದರೂ ನಷ್ಟವಾಗದ ರಾತ್ರಿಗಳೆಷ್ಟು, ಜನವರಿಯ ಒಣ ಮಧ್ಯಾಹ್ನದಲ್ಲಿ ನಷ್ಟವಾದ ದಿನಗಳೆಷ್ಟು. ಇವನ್ನು ಯಾರೂ ಬರೆದಿಡುವುದಿಲ್ಲ. ಇನ್ನೊಂದು ವಿಷಯ. ಮಳೆ ನಿಜಕ್ಕೂ ನಿಮಿತ್ತವಾಗಿದ್ದರೂ ಅದು ಉತ್ತರವಾಗುವುದಿಲ್ಲ. ಹಂಚಿನ ಮಾಡು ಸೋರಿದರೆ ಕರಾವಳಿಯ ಯಾವ ಮನೆಯಲ್ಲೂ ಮಳೆ ಕಾರಣ ಎಂದು ಕೈಕಟ್ಟಿ ಕೂರುವುದಿಲ್ಲ, ಒಡೆದ ಹಂಚು ಯಾವುದೆಂದು ನೋಡಲು ಅಟ್ಟ ಹತ್ತುತ್ತಾರೆ. ಮಾಡಿಗೆ ಇರುವ ಈ ತರ್ಕ ಫೈಬರಿಗೂ ಇದೆ.

ಮಳೆ ಸಂಕೇತಕ್ಕೆ ಮಾಡುವ ಕೇಡು ಲೆಕ್ಕಕ್ಕೆ ಸಿಗದ ರಹಸ್ಯವೇನಲ್ಲ. ಯಾವ ಕಂಪನಾಂಕಕ್ಕೆ ಎಷ್ಟು ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಕೋಷ್ಟಕಗಳಲ್ಲೇ ಇದೆ. ನಮ್ಮ ಮೊಬೈಲುಗಳು ಬಳಸುವುದು 700 ಮೆಗಾಹರ್ಟ್ಸ್‌ನಿಂದ ಸುಮಾರು 3.5 ಗಿಗಾಹರ್ಟ್ಸ್ ವರೆಗಿನ ಅಲೆಗಳನ್ನು. ಗಂಟೆಗೆ 100 ಮಿಲಿಮೀಟರ್ ರಭಸದಲ್ಲಿ ಸುರಿದರೂ 3 ಗಿಗಾಹರ್ಟ್ಸ್ ಅಲೆ ಒಂದು ಕಿಲೋಮೀಟರಿನಲ್ಲಿ ಕಳೆದುಕೊಳ್ಳುವುದು ಡೆಸಿಬಲ್‌ನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಅಂದರೆ ಟವರಿಗೂ ಕೈಯಲ್ಲಿರುವ ಫೋನಿಗೂ ನಡುವೆ ಮಳೆ ಒಂದು ಅಡ್ಡಿಯೇ ಅಲ್ಲ. ಒದ್ದೆಯಾದ ಎಲೆಗಳು ಸ್ವಲ್ಪ ಹೆಚ್ಚು ಹೀರಿಕೊಳ್ಳುತ್ತವೆ ಎಂಬುದು ನಿಜ, ದಟ್ಟ ತೋಟದ ಅಂಚಿನಲ್ಲಿ ಅದು ಲೆಕ್ಕಕ್ಕೆ ಬರಬಹುದು. ಅದೇ ಒಂದು ಟವರಿನಿಂದ ಇನ್ನೊಂದು ಟವರಿಗೆ 18 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಕೊಂಡಿ ಇದ್ದರೆ ಮಾತು ಬೇರೆ. ಅದೇ ರಭಸದ ಮಳೆಯಲ್ಲಿ ಅದು ಕಿಲೋಮೀಟರಿಗೆ ಸುಮಾರು 10 ಡೆಸಿಬಲ್ ಕಳೆದುಕೊಳ್ಳುತ್ತದೆ, ಅಂದರೆ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಒಂದೇ ಕಿಲೋಮೀಟರಿನಲ್ಲಿ ಮಾಯ. ಇಂಥ ಕೊಂಡಿ ಕರಾವಳಿಯಲ್ಲಿ ಮಳೆಗೆ ಬಿದ್ದರೆ ತಪ್ಪು ಯಾರದು? ಇಲ್ಲಿ ಎಷ್ಟು ಮಳೆ ಬೀಳುತ್ತದೆ ಎಂಬುದು ಕೊಂಡಿ ಕಟ್ಟುವ ಮುಂಚೆಯೇ ಗೊತ್ತಿತ್ತು. ಎಷ್ಟು ದೂರಕ್ಕೆ ಎಷ್ಟು ಹೆಚ್ಚುವರಿ ಶಕ್ತಿ ಕಾದಿರಿಸಬೇಕು ಎಂಬ ಲೆಕ್ಕವೂ ಇಂಜಿನಿಯರುಗಳ ಬಳಿ ಇತ್ತು. ಅದನ್ನು ಪಾಲಿಸಿದ್ದರೆ ಕೊಂಡಿ ನಿಲ್ಲುತ್ತಿತ್ತು. ಪಾಲಿಸದಿದ್ದರೆ ಅದು ವಿನ್ಯಾಸದ ಕೊರತೆ, ಹಣ ಉಳಿಸುವ ನಿರ್ಧಾರ. ಅದಕ್ಕೆ ಸಹಿ ಹಾಕಿದವರು ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಫೈಬರು. ಗಾಜಿನ ಎಳೆಯೊಳಗೆ ಹೋಗುವ ಬೆಳಕಿಗೆ ಹೊರಗೆ ಮಳೆ ಬರುವುದೂ ಬಿಸಿಲು ಕಾಯುವುದೂ ಒಂದೇ. ಆದರೂ ಮಳೆಗಾಲದಲ್ಲಿ ಫೈಬರ್ ತೊಂದರೆ ಕೊಡುವುದು ಸುಳ್ಳಲ್ಲ, ಮತ್ತು ಈ ತೊಂದರೆಯನ್ನು ಹತ್ತಿರದಿಂದ ನೋಡಿದರೆ ಮಳೆಯ ವಾದ ಎಷ್ಟು ಪೊಳ್ಳು ಎಂಬುದು ಅರ್ಥವಾಗುತ್ತದೆ. ಕಟಪಾಡಿ ಕಡೆಯಿಂದ ಶಿರ್ವಕ್ಕೆ ಬರುವ ರಸ್ತೆಯಂಥ ಯಾವ ರಸ್ತೆಯಲ್ಲಾದರೂ ತಲೆ ಎತ್ತಿ ನೋಡಿ: ಕಂಬದಿಂದ ಕಂಬಕ್ಕೆ ಕಪ್ಪು ಎಳೆಗಳು, ಅಲ್ಲಲ್ಲಿ ಸುರುಳಿ ಸುತ್ತಿ ಕಟ್ಟಿದ ಹೆಚ್ಚುವರಿ ಕೇಬಲು, ಜಾಯಿಂಟಿನ ಡಬ್ಬಿಗಳು. ಡಬ್ಬಿಯ ರಬ್ಬರು ಸಡಿಲವಾದರೆ ನೀರು ನುಗ್ಗುತ್ತದೆ, ಇರುವೆ ಗೂಡು ಕಟ್ಟುತ್ತದೆ. ತೆಂಗಿನ ಮಡಲು ಬಿದ್ದು ಕೇಬಲು ಜಗ್ಗಿದರೆ ಒಳಗಿನ ಎಳೆ ಎಲ್ಲೋ ಒಂದು ಕಡೆ ಬಿಗಿಯಾಗಿ ಬಾಗುತ್ತದೆ, ಬಾಗಿದಲ್ಲಿ ಬೆಳಕು ಹೊರಗೆ ಸೋರುತ್ತದೆ. ಗಾಳಿ ಬೀಸಿದಾಗ ಕೇಬಲು ತೂಗುತ್ತದೆ, ಆ ಬಾಗು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ ನಷ್ಟ ಬಂದು ಹೋಗುತ್ತದೆ. ಮಳೆ ಗಾಳಿ ನಿಂತ ಮೇಲೆ ಎಲ್ಲ ಸರಿ, ನೋಡಿ ಮಳೆಯಿಂದಲೇ ಆದದ್ದು ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೆ ಬೇಡ. ಆದರೆ ಆ ಬಾಗು ಒಂದು ನಿರ್ದಿಷ್ಟ ಕಂಬದಲ್ಲಿದೆ. ಅದನ್ನು ಬಿಡಿಸುವ ತನಕ ಮುಂದಿನ ಗಾಳಿಗೂ ಹೀಗೇ ಆಗುತ್ತದೆ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡುವ ಅಂಕಿ ಮನೆಯಲ್ಲೇ ಇದೆ. ಫೈಬರ್ ಸಂಪರ್ಕದ ಮೋಡೆಮ್ ತನಗೆ ತಲುಪುವ ಬೆಳಕು ಎಷ್ಟೆಂದು ಸದಾ ಅಳೆಯುತ್ತಿರುತ್ತದೆ, ಅದರ ಸೆಟ್ಟಿಂಗ್ ಪುಟದಲ್ಲಿ ಡಿಬಿಎಂ ಎಂಬ ಮಾನದಲ್ಲಿ ಅದು ಸಾಮಾನ್ಯವಾಗಿ ಸಿಗುತ್ತದೆ. ಲೆಕ್ಕ ಕಷ್ಟವಿಲ್ಲ. ಕಂಪೆನಿಯ ಕಡೆಯ ಯಂತ್ರ +3ರಲ್ಲಿ ಬೆಳಕು ಬಿಡುತ್ತದೆ ಎನ್ನೋಣ. ಒಂದೇ ಎಳೆಯನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಸುಮಾರು 17 ಡೆಸಿಬಲ್ ತಿನ್ನುತ್ತದೆ, 5 ಕಿಲೋಮೀಟರ್ ಫೈಬರ್ ಒಂದೂವರೆ, ಕನೆಕ್ಟರು ಜಾಯಿಂಟುಗಳೆಲ್ಲ ಸೇರಿ ಇನ್ನೊಂದು ಒಂದೂವರೆ. ಮನೆಗೆ ತಲುಪಬೇಕಾದ್ದು −17ರ ಆಸುಪಾಸು. ಸಾಮಾನ್ಯ ಮೋಡೆಮ್ −27, −28ರ ತನಕ ಓದಬಲ್ಲದು. ಈಗ ಮೋಡೆಮ್ −27 ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ದೀಪ ಹಸಿರೇ, ಇಂಟರ್‌ನೆಟ್ ಇದೆ, ಆದರೆ ಬರಬೇಕಾದ ಬೆಳಕಿನ ಹತ್ತನೆಯ ಒಂದು ಪಾಲು ಮಾತ್ರ ಬರುತ್ತಿದೆ. ಬಿಟ್‌ಗಳು ತಪ್ಪಾಗಿ ಓದಲ್ಪಡುತ್ತಿವೆ, ತಪ್ಪಾದ ಪ್ಯಾಕೆಟ್ಟನ್ನು ಯಂತ್ರ ಸದ್ದಿಲ್ಲದೆ ಎಸೆಯುತ್ತಿದೆ. 10 ಡೆಸಿಬಲ್ ಎಲ್ಲೋ ಸೋರಿದೆ. ಎಲ್ಲಿ? ಸ್ಪ್ಲಿಟರಿನ ಬಾಯಿಯಲ್ಲಿ ಅಳೆದರೆ ಸೋರಿಕೆ ಅದಕ್ಕಿಂತ ಮೇಲೋ ಕೆಳಗೋ ಎಂಬುದು ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ. ಅದೇ ಜಾಗದಲ್ಲಿ ನಿಂತು, ಹೊರಗೆ ಸುರಿಯುವ ಮಳೆಯನ್ನು ತೋರಿಸುವುದು ಉದ್ಯೋಗಕ್ಕೆ ಮಾಡುವ ಅವಮಾನ ಎಂದೇ ನನ್ನ ಅಭಿಪ್ರಾಯ.

ಮಳೆಯ ಹೆಸರಿನಲ್ಲಿ ಅಡಗುವ ಇನ್ನೊಂದು ಕಾರಣ ಕರೆಂಟು. ಗಾಳಿಗೆ ಮರ ಬಿದ್ದು ಮೆಸ್ಕಾಂ ಲೈನು ಹೋದರೆ ಮನೆಮನೆಯ ವೈಫೈ ಒಮ್ಮೆಲೇ ಸಾಯುತ್ತದೆ, ಅಷ್ಟೂ ಮನೆಯ ಫೋನುಗಳು ಹತ್ತಿರದ ಒಂದೇ ಟವರಿಗೆ ಜೋತುಬೀಳುತ್ತವೆ. ಟವರಿನ ಸರತಿ ತುಂಬುತ್ತದೆ, ತುಂಬಿದ ಮೇಲೆ ಬಂದ ಪ್ಯಾಕೆಟ್ಟು ಬೀಳುತ್ತದೆ. ಇದು ಜನದಟ್ಟಣೆಯ ನಷ್ಟ, ಮಳೆಯದ್ದಲ್ಲ, ಮತ್ತು ಇದರ ಮದ್ದು ಬ್ಯಾಟರಿಯಲ್ಲೂ ಟವರಿನ ಸಾಮರ್ಥ್ಯದಲ್ಲೂ ಇದೆ. ಪಗ್ಗು, ಬೇಶ ತಿಂಗಳ ಸಿಡಿಲಿಗೆ ಅರೆಸುಟ್ಟ ಸ್ವಿಚ್ಚಿನ ಪೋರ್ಟು ಆಟಿಯ ತನಕ ಕುಂಟುತ್ತ ಕೆಲಸ ಮಾಡಬಹುದು. ಕಾಪು, ಪಡುಬಿದ್ರಿ ಕಡೆಯ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನು ಕಿಲುಬು ಹಿಡಿಯಬಹುದು. ಇವು ಒಂದೊಂದಕ್ಕೂ ಬೇರೆ ಬೇರೆ ರಿಪೇರಿ. ಎಲ್ಲಕ್ಕೂ ಮಳೆ ಎಂಬ ಒಂದೇ ಚೀಟಿ ಅಂಟಿಸಿದರೆ ಒಂದೂ ರಿಪೇರಿಯಾಗುವುದಿಲ್ಲ.

ಇಷ್ಟು ಸಣ್ಣ ನಷ್ಟಕ್ಕೆ ಇಷ್ಟೆಲ್ಲ ಗಲಾಟೆ ಏಕೆ ಎಂದು ಕೇಳುವವರಿದ್ದಾರೆ. ನೂರಕ್ಕೆ ಮೂರು ಎಂದರೆ ತೊಂಬತ್ತೇಳು ತಲುಪಿತಲ್ಲ ಎಂಬ ಸಮಾಧಾನ ಅದು. ನ್ಯಾಯಬೆಲೆ ಅಂಗಡಿಯ ಹೆಬ್ಬೆಟ್ಟಿನ ಯಂತ್ರವನ್ನು ನೆನೆಯಿರಿ. ಒಬ್ಬರ ಬೆರಳಚ್ಚು ಹೋಗಿ ಒಪ್ಪಿಗೆ ಬರಲು ಹೋಗಿಬರುವ ಪ್ಯಾಕೆಟ್ಟುಗಳು ಉದಾಹರಣೆಗೆ 40 ಎಂದಿಟ್ಟುಕೊಂಡರೆ, ಶೇ. 3ರ ನಷ್ಟದಲ್ಲಿ ಅಷ್ಟೂ ಒಂದೇ ಸಲಕ್ಕೆ ಸುರಕ್ಷಿತವಾಗಿ ತಲುಪುವ ಸಂಭವ ನೂರಕ್ಕೆ 30 ಮಾತ್ರ. ಹತ್ತು ಮಂದಿಯಲ್ಲಿ ಏಳು ಮಂದಿಯ ವ್ಯವಹಾರದಲ್ಲಿ ಒಂದಾದರೂ ಪ್ಯಾಕೆಟ್ಟು ಬಿದ್ದಿರುತ್ತದೆ. ಬಿದ್ದದ್ದನ್ನು ಯಂತ್ರ ಮತ್ತೆ ಕಳಿಸುತ್ತದೆ, ಆದರೆ ಕಾದು ಕಳಿಸುತ್ತದೆ. ಸಂಪರ್ಕ ಶುರುಮಾಡುವ ಮೊದಲ ಪ್ಯಾಕೆಟ್ಟೇ ಬಿದ್ದರೆ 1 ಸೆಕೆಂಡು ಕಾಯುತ್ತದೆ, ಅದೂ ಬಿದ್ದರೆ 2, ಮತ್ತೂ ಬಿದ್ದರೆ 4. ದೊಡ್ಡ ಫೈಲು ಇಳಿಸುವಾಗ ಹಿಂದೆ ಬರುವ ಪ್ಯಾಕೆಟ್ಟುಗಳು ಯಾವುದು ಕಳೆದುಹೋಯಿತೆಂದು ಬೇಗ ತಿಳಿಸುತ್ತವೆ. ಇಂಥ ಪುಟ್ಟ ವ್ಯವಹಾರದಲ್ಲಿ ಹಿಂದೆ ಬರುವ ಪ್ಯಾಕೆಟ್ಟೇ ಇರುವುದಿಲ್ಲ, ಆದ್ದರಿಂದ ಕಾಯುವುದೊಂದೇ ದಾರಿ. ಹಾಗಾಗಿ ಸಿನಿಮಾ ಸರಾಗವಾಗಿ ಓಡುವ ಲೈನಿನಲ್ಲೇ ರೇಷನ್ನಿನ ಯಂತ್ರ ಸಮಯ ಮೀರಿತು ಎಂದು ನಿಂತುಹೋಗುತ್ತದೆ. ಅಂಗಡಿಯವರು ಸರ್ವರ್ ಇಲ್ಲ ಎನ್ನುತ್ತಾರೆ, ಅವರಿಗೆ ತಿಳಿದಿರುವುದು ಅಷ್ಟೇ. ಬಸ್ಸು ಹಿಡಿದು ಬಂದ ಮುದುಕಿ ಬರಿಗೈಯಲ್ಲಿ ವಾಪಸು ಹೋಗುತ್ತಾಳೆ. ಇದೇ ಲೆಕ್ಕ ದುಬೈ, ಮುಂಬಯಿಯ ಮಕ್ಕಳ ಕರೆಗೂ ಇದೆ. ಧ್ವನಿಯ ಒಂದು ಪ್ಯಾಕೆಟ್ಟಿನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತು ಇರುತ್ತದೆ. ಒಂದೊಂದಾಗಿ ಕಳೆದರೆ ತಂತ್ರಾಂಶ ತೇಪೆ ಹಾಕುತ್ತದೆ, ಸಾಲಾಗಿ ಐದಾರು ಕಳೆದರೆ ಒಂದು ಅಕ್ಷರವೇ ನುಂಗಿಹೋಗುತ್ತದೆ. ಊರಿನಲ್ಲೇ ಇದ್ದು ಬೆಂಗಳೂರಿನ ಕಂಪೆನಿಗೆ ಕೆಲಸ ಮಾಡುವವರಿಗೆ ಅದು ಸಂಬಳದ ಪ್ರಶ್ನೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವೆಲ್ಲ ನೋಡಿತು. ಆಕೆಯ ಮನೆಯಲ್ಲಿ ಸಿಗ್ನಲ್ಲೇ ಸಿಗುತ್ತಿರಲಿಲ್ಲ, ಆದ್ದರಿಂದ ತೊಂದರೆ ಕ್ಯಾಮೆರಾಗೆ ಕಂಡಿತು. ಸಿಗ್ನಲ್ ಇದ್ದೂ ಪಾಠದ ಅರ್ಧ ವಾಕ್ಯ ಕೇಳಿಸದೆ ಕೂತ ಮಕ್ಕಳ ಚಿತ್ರ ತೆಗೆಯಲು ಯಾರಿಗೂ ಆಗುವುದಿಲ್ಲ.

ಮಳೆಯ ವಾದದ ಅವಳಿ ಒಂದಿದೆ: ವೇಗದ ಪ್ಲಾನು ಹಾಕಿಸಿಕೊಳ್ಳಿ ಸರಿಯಾಗುತ್ತದೆ ಎಂಬ ಸಲಹೆ. 50 ಮೆಗಾಬಿಟ್‌ನಿಂದ 100ಕ್ಕೆ, 100ರಿಂದ 200ಕ್ಕೆ ಏರಿಸಿಕೊಂಡು ಜನ ಹಣ ಕಟ್ಟುತ್ತಾರೆ, ನಷ್ಟ ಹಾಗೇ ಉಳಿಯುತ್ತದೆ. ಇದು ಏಕೆ ಎಂಬುದಕ್ಕೆ 1997ರಲ್ಲೇ ಮ್ಯಾಥಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರವಿದೆ. ಬಿದ್ದ ಪ್ಯಾಕೆಟ್ಟನ್ನು ಮತ್ತೆ ಕಳಿಸುವ ಕ್ರಮಕ್ಕೆ ಟಿಸಿಪಿ ಎಂದು ಹೆಸರು; ಹಳೆಯ ಮಾದರಿಯ ಟಿಸಿಪಿ ಸಂಪರ್ಕವೊಂದು ಮುಟ್ಟಬಹುದಾದ ವೇಗ, ಹೋಗಿಬರುವ ಸಮಯಕ್ಕೂ ನಷ್ಟದ ಪ್ರಮಾಣದ ವರ್ಗಮೂಲಕ್ಕೂ ವಿಲೋಮವಾಗಿರುತ್ತದೆ. 50 ಮಿಲಿಸೆಕೆಂಡು ದೂರದ ಜಾಲತಾಣ, ಶೇ. 1ರಷ್ಟು ನಷ್ಟ ಎಂದು ಹಾಕಿ ಲೆಕ್ಕ ಮಾಡಿದರೆ ಸಿಗುವ ಉತ್ತರ ಸೆಕೆಂಡಿಗೆ ಸುಮಾರು 3 ಮೆಗಾಬಿಟ್. ಲೈನು 100ರದ್ದಾದರೂ ಸಾವಿರದ್ದಾದರೂ ಅಷ್ಟೇ, ಏಕೆಂದರೆ ಸೂತ್ರದಲ್ಲಿ ಲೈನಿನ ವೇಗಕ್ಕೆ ಜಾಗವೇ ಇಲ್ಲ. ಹೊಸ ಮಾದರಿಯ ಕೆಲವು ತಂತ್ರಗಳು ನಷ್ಟವನ್ನು ಇದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತವೆ, ಒಪ್ಪೋಣ. ಆದರೆ ಸ್ಪೀಡ್ ಟೆಸ್ಟು ಮಾಡುವುದು ಇದಕ್ಕೆ ತದ್ವಿರುದ್ಧವಾದ ಪರೀಕ್ಷೆ: ಹತ್ತಿರದ ಸರ್ವರನ್ನು ಆರಿಸಿಕೊಂಡು, ಒಟ್ಟೊಟ್ಟಿಗೆ ಹಲವು ಸಂಪರ್ಕ ತೆರೆದು, ನಷ್ಟದ ಪರಿಣಾಮ ಕಾಣದ ಹಾಗೆ ಕೊಳವೆ ತುಂಬಿಸುವುದು. ಅದರ ಫಲಿತಾಂಶ ತೋರಿಸಿ ನಿಮ್ಮ ಲೈನು ಸರಿಯಾಗಿದೆ ಎನ್ನುವುದು ಗ್ರಾಹಕರ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ನನ್ನ ವಾದಕ್ಕೆ ಬರಬಹುದಾದ ಅತ್ಯಂತ ಗಟ್ಟಿ ಆಕ್ಷೇಪ ತಂತ್ರಜ್ಞರದ್ದು. ಪ್ಯಾಕೆಟ್ ನಷ್ಟ ರೋಗವಲ್ಲ, ಇಂಟರ್‌ನೆಟ್ಟಿನ ಉಸಿರಾಟವೇ ಅದು ಎನ್ನುತ್ತಾರೆ ಅವರು. ಮಾತಿನಲ್ಲಿ ಸತ್ಯವಿದೆ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ನಾನೂರು ಗಜದ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಇದ್ದ ಹರಿವು 40 ಬಿಟ್‌ಗೆ ಕುಸಿಯಿತು. ಲೈನು ಕಡಿಮೆಯಾಯಿತು, ದೊಡ್ಡದು ಹಾಕಿಸಿ ಎಂದು ಹೇಳಿ ಮುಗಿಸಬಹುದಿತ್ತು. ಆ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್ಸನ್ ಹಾಗೆ ಮಾಡಲಿಲ್ಲ. ಪ್ಯಾಕೆಟ್ಟುಗಳ ಜಾಡು ಹಿಡಿದು ನೋಡಿ, ಕಳೆದುಹೋದದ್ದನ್ನು ಎಲ್ಲರೂ ಆತುರದಿಂದ ಮತ್ತೆ ಮತ್ತೆ ಕಳಿಸುತ್ತಿರುವುದೇ ದಟ್ಟಣೆ ಬೆಳೆಸುತ್ತಿದೆ ಎಂದು ಕಂಡುಕೊಂಡರು. ನಷ್ಟ ಕಂಡ ಕೂಡಲೇ ಕಳಿಸುವ ವೇಗ ತಗ್ಗಿಸುವ ಕ್ರಮವನ್ನು 1988ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಅಂದಿನಿಂದ ನಷ್ಟ ಎಂಬುದು ನಿಧಾನಿಸು ಎಂಬ ಸೂಚನೆ. ಈ ಚರಿತ್ರೆ ಆಕ್ಷೇಪಕ್ಕೆ ಬೆಂಬಲವಾಗಿ ಕಾಣುತ್ತದೆ, ಆದರೆ ಸರಿಯಾಗಿ ಓದಿದರೆ ಅದು ನನ್ನ ಪಕ್ಷದ ಸಾಕ್ಷಿ. ದಟ್ಟಣೆಯ ನಷ್ಟಕ್ಕೆ ಒಂದು ಸ್ಪಷ್ಟ ಗುರುತಿದೆ: ಸರತಿ ತುಂಬುವಾಗ ಮೊದಲು ವಿಳಂಬ ಏರುತ್ತದೆ, ಆಮೇಲೆ ಪ್ಯಾಕೆಟ್ಟು ಬೀಳುತ್ತದೆ, ಮತ್ತು ಅದು ಊರೆಲ್ಲ ಮೊಬೈಲು ಹಿಡಿದು ಕೂರುವ ರಾತ್ರಿ ಎಂಟರಿಂದ ಹನ್ನೊಂದರ ಹೊತ್ತಿಗೆ ಹೆಚ್ಚು. ಬೆಳಗಿನ ಜಾವ ಮೂರು ಗಂಟೆಗೆ, ವಿಳಂಬ ಒಂದಿಷ್ಟೂ ಏರದೆ, ನೂರಕ್ಕೆ ಎರಡು ಪ್ಯಾಕೆಟ್ಟು ಬೀಳುತ್ತಿದ್ದರೆ ಅದನ್ನು ಉಸಿರಾಟ ಎಂದು ಕರೆಯಲಾಗದು. ಅಷ್ಟೇ ಅಲ್ಲ, ಕೆಟ್ಟ ಜಾಯಿಂಟಿನಿಂದ ಬಿದ್ದ ಪ್ಯಾಕೆಟ್ಟನ್ನೂ ಪಾಪದ ಟಿಸಿಪಿ ದಟ್ಟಣೆ ಎಂದೇ ಭಾವಿಸಿ, ರಸ್ತೆ ಖಾಲಿ ಇದ್ದರೂ ವೇಗ ತಗ್ಗಿಸುತ್ತದೆ. ಸಹಜ ನಷ್ಟವನ್ನೂ ದೋಷದ ನಷ್ಟವನ್ನೂ ಬೇರ್ಪಡಿಸದೆ ಎರಡನ್ನೂ ಸಹಜ ಎನ್ನುವುದರಿಂದಲೇ ಈ ತೊಂದರೆ.

ಇಂಥ ಗುರುತು ಇತರ ಕಾರಣಗಳಿಗೂ ಇದೆ. ಬೆಳಕು ಕ್ಷೀಣಿಸಿ ಬಿಟ್ ತಪ್ಪುವ ಲೈನಿನಲ್ಲಿ ದೊಡ್ಡ ಪ್ಯಾಕೆಟ್ಟುಗಳು ಸಣ್ಣವಕ್ಕಿಂತ ಎಷ್ಟೋ ಪಾಲು ಹೆಚ್ಚು ಬೀಳುತ್ತವೆ, ಏಕೆಂದರೆ 1,500 ಬೈಟಿನದು 64 ಬೈಟಿನದಕ್ಕಿಂತ 23 ಪಟ್ಟು ದೊಡ್ಡ ಗುರಿ. ದೊಡ್ಡವು ಒಂದೂ ತಲುಪದೆ ಸಣ್ಣವು ಎಲ್ಲವೂ ತಲುಪಿದರೆ ಫೈಬರಿಗೆ ಕೈ ಹಚ್ಚುವುದೇ ಬೇಡ, ದಾರಿಯಲ್ಲಿ ಯಾರೋ ಪ್ಯಾಕೆಟ್ಟಿನ ಗಾತ್ರದ ಮಿತಿಯನ್ನು ತಪ್ಪಾಗಿ ಇಟ್ಟಿದ್ದಾರೆ. ಹಳೆಯ ಸ್ವಿಚ್ಚಿನ ಒಂದು ತುದಿ ಎರಡೂ ದಿಕ್ಕಿಗೆ ಒಟ್ಟಿಗೆ ಮಾತಾಡುವ ಕ್ರಮದಲ್ಲೂ ಇನ್ನೊಂದು ತುದಿ ಸರದಿಯ ಕ್ರಮದಲ್ಲೂ ನಿಂತಿದ್ದರೆ ಖಾಲಿ ಇರುವಾಗ ಪರೀಕ್ಷೆಯೆಲ್ಲ ಪಾಸು, ಕೆಲಸ ಶುರುವಾದ ಕೂಡಲೇ ನಷ್ಟ. ಮುರಕಲ್ಲಿನ ದಪ್ಪ ಗೋಡೆಯ ಆಚೆ ವೈಫೈ ಸೊರಗಿದ್ದರೆ ಲ್ಯಾಪ್‌ಟಾಪಿಗೆ ನೇರ ವಯರು ಚುಚ್ಚಿದ ಕ್ಷಣ ನಷ್ಟ ಮಾಯ. ಇದನ್ನಂತೂ ಮನೆಯವರೇ ಮೊದಲು ಮಾಡಬೇಕು, ಕಂಪೆನಿಯನ್ನು ದೂರುವ ಮುನ್ನ. ಹರಿವನ್ನು ಹಂಚಿಕೊಳ್ಳುವ ನಾಲ್ಕು ಸಮಾಂತರ ಕೊಂಡಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಒಬ್ಬರಿಗೆ ಬ್ಯಾಂಕಿನ ತಾಣ ತೆರೆಯುವುದಿಲ್ಲ, ಪಕ್ಕದ ಮನೆಯವರಿಗೆ ತೆರೆಯುತ್ತದೆ, ದೂರಿದವರಿಗೆ ತಲೆ ಕೆಟ್ಟಿದೆ ಎಂಬ ತೀರ್ಮಾನವಾಗುತ್ತದೆ. ಯಂತ್ರವೇ ತನ್ನ ದೋಷವನ್ನು ಮುಚ್ಚಿಡುವುದೂ ಉಂಟು. ತಮ್ಮ ದತ್ತಾಂಶ ಕೇಂದ್ರಗಳ ಸರ್ವರುಗಳೆಲ್ಲ ಒಂದನ್ನೊಂದು ಸದಾ ವಿಚಾರಿಸಿಕೊಳ್ಳುವ ವ್ಯವಸ್ಥೆಯ ಬಗ್ಗೆ ಮೈಕ್ರೋಸಾಫ್ಟ್ ಸಂಶೋಧಕರು 2015ರಲ್ಲಿ ಪ್ರಬಂಧ ಪ್ರಕಟಿಸಿದರು. ತನ್ನ ಎಣಿಕೆಯಲ್ಲಿ ಒಂದೂ ನಷ್ಟ ತೋರಿಸದೆ ಪ್ಯಾಕೆಟ್ಟು ನುಂಗುತ್ತಿದ್ದ ಸ್ವಿಚ್ಚನ್ನು ಅವರು ಹಿಡಿದದ್ದು ಹೊರಗಿನಿಂದ ಅಳೆದೇ. ಅಷ್ಟು ಗುಪ್ತವಾದ ದೋಷಕ್ಕೂ ಒಂದು ವಿಳಾಸ ಸಿಕ್ಕಿದ ಮೇಲೆ ಕಂಬದ ಮೇಲಿನ ಡಬ್ಬಿಗೆ ಸಿಗದು ಎಂದರೆ ನಂಬುವುದು ಹೇಗೆ?

ಹಳ್ಳಿಯ ಕೇಬಲ್ ಆಪರೇಟರಿಗೆ ಇದೆಲ್ಲ ಎಟುಕುವ ಮಾತೇ ಎಂಬ ಆಕ್ಷೇಪವನ್ನು ನಾನು ಗೌರವದಿಂದಲೇ ನೋಡುತ್ತೇನೆ. ಸುರಿವ ಮಳೆಯಲ್ಲಿ ಕಂಬ ಹತ್ತುವ ಹುಡುಗರ ಮೇಲೆ ನನ್ನ ಸಿಟ್ಟಿಲ್ಲ. ಅವರ ಕೈಗೆ ಅಳತೆಯ ಸಾಧನ ಕೊಡದೆ ಉತ್ತರ ಮಾತ್ರ ಕೊಟ್ಟು ಕಳಿಸುವವರ ಮೇಲಿದೆ. ಬೆಳಕು ಅಳೆಯುವ ಮೀಟರು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಎಷ್ಟನೇ ಮೀಟರಿನಲ್ಲಿ ದೋಷ ಎಂದು ತೋರಿಸುವ ಓಟಿಡಿಆರ್ ದುಬಾರಿ ನಿಜ, ಆದರೆ ಒಂದು ತಾಲೂಕಿನ ಆಪರೇಟರುಗಳು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಇನ್ನು ಪಿಂಗ್ ಎಂಬ ಪುಟ್ಟ ತಂತ್ರಾಂಶ, ಮೈಕ್ ಮೂಸ್ 1983ರ ಡಿಸೆಂಬರಿನಲ್ಲಿ ಬರೆದದ್ದು, ಪ್ರತಿ ಕಂಪ್ಯೂಟರಿನಲ್ಲೂ ಪುಕ್ಕಟೆ ಇದೆ. ಮನೆಯ ರೂಟರಿಗೆ ಒಂದು, ಆಪರೇಟರಿನ ಗೇಟ್‌ವೇಗೆ ಒಂದು, ಬೆಂಗಳೂರಿನ ಆಚೆಯ ಯಾವುದಾದರೂ ಸ್ಥಿರ ವಿಳಾಸಕ್ಕೆ ಒಂದು, ಹೀಗೆ ಮೂರು ಪಿಂಗ್ ಒಟ್ಟಿಗೆ ಒಂದು ಹಗಲು ಒಂದು ರಾತ್ರಿ ಓಡಲಿ. ಮೊದಲನೆಯದರಲ್ಲೇ ನಷ್ಟವಿದ್ದರೆ ತೊಂದರೆ ಮನೆಯೊಳಗೆ, ಎರಡನೆಯದರಿಂದ ಶುರುವಾದರೆ ಕಂಬಗಳ ಸಾಲಿನಲ್ಲಿ, ಮೂರನೆಯದರಲ್ಲಿ ಮಾತ್ರ ಇದ್ದರೆ ಊರಿನ ಹೊರಗೆ. ಅರ್ಧರ್ಧ ಮಾಡಿಕೊಂಡು ಜಾಗವನ್ನು ಕಿರಿದಾಗಿಸುವ ಈ ಕ್ರಮಕ್ಕೆ ಪದವಿ ಬೇಡ. ಒಂದು ಎಚ್ಚರ ಮಾತ್ರ ಬೇಕು. ದಾರಿಯ ಪ್ರತಿ ನಿಲ್ದಾಣವನ್ನೂ ತೋರಿಸುವ ಟ್ರೇಸ್‌ರೂಟ್‌ನಲ್ಲಿ ನಡುವಿನ ಯಾವುದೋ ರೂಟರಿನ ಎದುರು ಶೇ. 40 ನಷ್ಟ ಕಂಡು ಗ್ರಾಹಕರು ಕೂಗಾಡುವುದುಂಟು. ಕೊನೆಯ ನಿಲ್ದಾಣದಲ್ಲಿ ನಷ್ಟ ಇಲ್ಲದಿದ್ದರೆ ಆ ನಲವತ್ತಕ್ಕೆ ಅರ್ಥವಿಲ್ಲ. ಆ ರೂಟರು ಬಂದದ್ದನ್ನು ಮುಂದೆ ಕಳಿಸುತ್ತಿದೆ, ತನ್ನನ್ನೇ ವಿಚಾರಿಸುವವರಿಗೆ ಉತ್ತರಿಸಲು ಮಾತ್ರ ಪುರಸೊತ್ತು ಮಾಡಿಕೊಳ್ಳುತ್ತಿಲ್ಲ. ತಪ್ಪು ಓದು ಎರಡೂ ಕಡೆ ಇದೆ ಎಂಬುದನ್ನು ಬಚ್ಚಿಡಬೇಕಿಲ್ಲ.

ನಿಯಮವೇ ಇದೆಯಲ್ಲ, ಅದು ನೋಡಿಕೊಳ್ಳುತ್ತದೆ ಎನ್ನುವವರೂ ಇದ್ದಾರೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2006ರ ಬ್ರಾಡ್‌ಬ್ಯಾಂಡ್ ನಿಯಮಗಳು ಪ್ಯಾಕೆಟ್ ನಷ್ಟ ಶೇ. 1ಕ್ಕಿಂತ ಕಡಿಮೆ ಇರಬೇಕೆಂದು ಹೇಳಿದ್ದವು, 2024ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳಲ್ಲೂ ನಷ್ಟ, ವಿಳಂಬಗಳಿಗೆ ಮಾನದಂಡಗಳಿವೆ. ಇರುವುದು ಒಳ್ಳೆಯದೇ. ಆದರೆ ಸರಾಸರಿಯೊಂದು ಏನನ್ನು ಮುಚ್ಚಬಲ್ಲದು ನೋಡಿ. ತಿಂಗಳಿಗೆ 720 ಗಂಟೆ. ಅದರಲ್ಲಿ 7 ಗಂಟೆ ಒಂದು ಪ್ಯಾಕೆಟ್ಟೂ ತಲುಪದೆ ಉಳಿದ ಹೊತ್ತು ಎಲ್ಲವೂ ತಲುಪಿದರೆ ತಿಂಗಳ ಸರಾಸರಿ ನಷ್ಟ ಶೇ. 1ರ ಒಳಗೇ ಇರುತ್ತದೆ. ಆ 7 ಗಂಟೆ ಪರೀಕ್ಷೆಯ ದಿನವೋ ಸಂದರ್ಶನದ ದಿನವೋ ಆಗಿರಬಹುದು. ನೂರಾರು ಮನೆಗಳನ್ನು ಒಟ್ಟು ಹಾಕಿ ಸರಾಸರಿ ತೆಗೆದರೆ ಒಂದು ಓಣಿಯ ಹತ್ತು ಮನೆಗಳ ನಿತ್ಯದ ನರಳಾಟ ಅಂಕಿಯಲ್ಲಿ ಕಾಣುವುದೇ ಇಲ್ಲ. ಸರಕಾರಕ್ಕೆ ಈ ಪಾಠ ಇನ್ನೊಂದು ರೂಪದಲ್ಲಿ ಆಗಲೇ ತಿಳಿದಿದೆ. ಗ್ರಾಮ ಪಂಚಾಯತುಗಳಿಗೆ ಫೈಬರ್ ಎಳೆಯುವ ಯೋಜನೆ 2011ರಲ್ಲಿ ಒಪ್ಪಿಗೆ ಪಡೆದಾಗ ಒಂದರ ಹಿಂದೊಂದು ಪೋಣಿಸಿದ ವಿನ್ಯಾಸವಿತ್ತು, ನಡುವೆ ಒಂದು ಕಡೆ ಕಡಿದರೆ ಮುಂದಿನದೆಲ್ಲ ಕತ್ತಲು. 2023ರ ತಿದ್ದುಪಡಿಯಾದ ಭಾರತ್‌ನೆಟ್‌ನಲ್ಲಿ ಉಂಗುರದ ವಿನ್ಯಾಸಕ್ಕೆ ಬಂದರು. ದೋಷಕ್ಕೆ ಒಂದು ಜಾಗವಿದೆ, ಅದನ್ನು ಸುತ್ತಿ ಹೋಗಲು ಇನ್ನೊಂದು ದಾರಿ ಬೇಕು ಎಂದು ಒಪ್ಪಿದ್ದರ ಫಲ ಅದು.

ನಮ್ಮ ಈ ಭಾಗಕ್ಕೆ ಇಲ್ಲಿ ಒಂದು ವಿಶೇಷ ಹೊಣೆಯಿದೆ ಎಂದು ನಾನು ಭಾವಿಸುತ್ತೇನೆ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು 1957ರಿಂದ ಇದೆ, ಕಾರ್ಕಳ ತಾಲೂಕಿನ ನಿಟ್ಟೆಯದು 1986ರಿಂದ, ಶಿರ್ವದ ಮಗ್ಗುಲಲ್ಲೇ ಬಂಟಕಲ್ಲಿನ ಮಧ್ವ ವಾದಿರಾಜ ತಾಂತ್ರಿಕ ಮಹಾವಿದ್ಯಾಲಯ 2010ರಿಂದ. ಇವುಗಳ ತರಗತಿಗಳಲ್ಲಿ ಜೇಕಬ್ಸನ್ನರ ಕ್ರಮವನ್ನು ಬೋರ್ಡಿನ ಮೇಲೆ ಬರೆದು ಕಲಿಸುತ್ತಾರೆ. ಅದೇ ವಿದ್ಯಾರ್ಥಿ ಬಾಡಿಗೆ ಕೋಣೆಗೆ ಹೋಗಿ ನೆಟ್ ಕೈಕೊಟ್ಟಾಗ ಮಳೆ ಎಂದು ಸುಮ್ಮನಾಗುತ್ತಾನೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಒಂದು ಸಣ್ಣ ಅಗ್ಗದ ಕಂಪ್ಯೂಟರನ್ನು ಶಿರ್ವ, ಕಾಪು, ಬೆಳ್ಮಣ್, ಹಿರಿಯಡಕದ ಒಂದೊಂದು ಪಂಚಾಯತ್ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಇಟ್ಟು ವರ್ಷವಿಡೀ ನಷ್ಟ, ವಿಳಂಬ ಅಳೆದು, ಮಳೆಮಾಪಕದ ಅಂಕಿಯ ಪಕ್ಕದಲ್ಲಿ ಇಟ್ಟು ತೋರಿಸಿದರೆ ಮಳೆಯ ಪಾಲು ನಿಜಕ್ಕೂ ಎಷ್ಟು ಎಂಬುದು ಊರಿಗೆಲ್ಲ ತಿಳಿಯುತ್ತದೆ. ಪಾಲು ಇದ್ದರೆ ಇರಲಿ, ಆಗ ಅದಕ್ಕೆ ತಕ್ಕ ವಿನ್ಯಾಸ ಕೇಳಬಹುದು.

ಆಪರೇಟರುಗಳಿಂದ ಕೇಳಬೇಕಾದ್ದು ಇನ್ನೂ ಸರಳ. ದೂರು ಮುಚ್ಚುವಾಗ ಸರಿಯಾಗಿದೆ ಎಂಬ ಎಸ್ಸೆಮ್ಮೆಸ್ಸಿನ ಬದಲು ಮೂರು ಸಂಗತಿ ಬರೆದು ಕೊಡಲಿ: ದೋಷ ಯಾವ ಜಾಗದಲ್ಲಿತ್ತು, ರಿಪೇರಿಗೆ ಮುಂಚೆ ಬೆಳಕೂ ನಷ್ಟವೂ ಎಷ್ಟಿದ್ದವು, ಆಮೇಲೆ ಎಷ್ಟಾದವು. ಜಾಗ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಲಿ, ದೂರು ತೆರೆದೇ ಇರಲಿ. ಹಾಗೆಯೇ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಪ್ರತಿ ಸ್ಪ್ಲಿಟರಿನ ಪ್ರತಿ ಕವಲಿನ ಬೆಳಕಿನ ಅಳತೆಯನ್ನು ಕಂಬದ ಸಂಖ್ಯೆಯ ಜೊತೆ ಬರೆದಿಡಲಿ, ಜುಲೈಯಲ್ಲಿ ಅದೇ ಜಾಗಗಳಲ್ಲಿ ಮತ್ತೆ ಅಳೆಯಲಿ. ಎರಡು ಪಟ್ಟಿಗಳ ನಡುವೆ 3 ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಕಂಡ ಕಂಬಗಳಿಗೆ ಮೊದಲು ಏಣಿ ಹಾಕಬೇಕು.